ಕೆಟ್ಟದ್ದನ್ನು ಮಾತ್ರ ಹಿಡಿಯುವ ಕೊಳವೆ

ನಿಲಾಯ್, ನೆಗೆರಿ ಸೆಂಬಿಲಾನ್
12 ನವೆಂಬರ್ 2025

ಪ್ರೀತಿಯ ಮಗಳು ಶ್ರೀಯಾಳಿಗೆ, ಅಪ್ಪನ ತುಂಬು ಮನಸ್ಸಿನ ಆಶೀರ್ವಾದ.

ಹೇಗಿದ್ದೀ ಮಗಾ? ಜರ್ಮನಿಯಲ್ಲಿ ಚಳಿ ಜೋರಾಗಿರಬೇಕು. ಹೋದ ವರ್ಷ ನಿನ್ನ ಬೆರಳ ಸಂದುಗಳು ಒಡೆದು ರಕ್ತ ಬರುತ್ತದೆ ಎಂದಿದ್ದೆ. ಮಲಗುವ ಮೊದಲು ತೆಂಗಿನೆಣ್ಣೆ ಹಚ್ಚಿಕೋ, ವಾಸನೆ ಎಂದು ಮೂಗು ಮುರಿಯಬೇಡ. ಊಟ ಸರಿಯಾಗಿ ಮಾಡುತ್ತೀಯಾ, ಅಲ್ಲ ಬ್ರೆಡ್ಡಿಗೆ ಬೆಣ್ಣೆ ಸವರಿ ಅದನ್ನೇ ಊಟ ಅನ್ನುತ್ತೀಯಾ? ನಾನು ಆರಾಮ ಇದ್ದೇನೆ. ಮೆಟ್ಟಿಲು ಕಂಡಾಗ ಮಾತ್ರ ಮೊಣಕಾಲು ಗೊಣಗುತ್ತದೆ. ಅಪ್ಪ ಯಾಕೆ ಕಾಗದ ಬರೆದರು ಎಂದು ಆಶ್ಚರ್ಯಪಡಬೇಡ. ವಾಟ್ಸಾಪಿನಲ್ಲಿ ಬರೆದರೆ ನಿನ್ನಮ್ಮ ಓದುತ್ತಾಳೆ, ನನ್ನ ಫೋನು ಇಡೀ ದಿನ ಅವಳ ಮಡಿಲಲ್ಲೇ ಇರುವುದು. ನಿನಗೆ ಒತ್ತಕ್ಷರ ಕಷ್ಟ ಎಂದು ದೊಡ್ಡದಾಗಿ, ಬಿಡಿಸಿ ಬರೆದಿದ್ದೇನೆ. ಕಣ್ಣಿಗೆ ತೊಡಕಾದರೆ ಜೋರಾಗಿ ಓದು. ಕಿವಿಗೆ ಬಿದ್ದ ಕನ್ನಡ ನಿನಗೆ ಯಾವತ್ತೂ ಅರ್ಥವಾಗದೆ ಹೋದದ್ದಿಲ್ಲ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು.

ದೀಪಾವಳಿಯ ದಿನ ನೀನು ಫೋನಿನಲ್ಲಿ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲೇ ಉಂಟು. ಅಮ್ಮ ಎಲ್ಲಿ ಎಂದು ಕೇಳಿದೆ. ಅಡುಗೆಮನೆಯಲ್ಲಿದ್ದಾಳೆ, ಕೈ ಎಣ್ಣೆ ಆಗಿದೆ ಎಂದೆ ನಾನು. ಹಿಂದಿನ ವಾರ ಸ್ನಾನಕ್ಕೆ ಹೋಗಿದ್ದಾಳೆ ಎಂದಿದ್ದೆ, ಅದಕ್ಕೂ ಹಿಂದೆ ಪಕ್ಕದ ಮನೆಗೆ ಹೋಗಿದ್ದಾಳೆ ಎಂದಿದ್ದೆ. ನೀನು "ಇಫ್ ಅಮ್ಮ ಡಸಂಟ್ ವಾಂಟ್ ಟು ಟಾಕ್ ಟು ಮಿ, ಜಸ್ಟ್ ಸೇ ಇಟ್ ಲಾ, ಅಪ್ಪ" ಎಂದು ಇಟ್ಟುಬಿಟ್ಟೆ. ಆಮೇಲೆ ಯಾವ ಭಾನುವಾರವೂ ನಿನ್ನ ಫೋನಿಲ್ಲ, ನಾವು ಮಾಡಿದರೆ ಎತ್ತುವುದೂ ಇಲ್ಲ. ನಿನ್ನನ್ನು ಬೈಯಲಿಕ್ಕೆ ಇದನ್ನು ಬರೆಯುತ್ತಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ. ಆದರೆ ಸಂಗತಿ ಬೇರೆ ಉಂಟು. ನಿನಗೆ ಗೊತ್ತಿದ್ದದ್ದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ. ನಡುವಿನಿಂದ ಹೇಳಲಿಕ್ಕೆ ನನಗೆ ಬರುವುದಿಲ್ಲ.

ಅಮ್ಮ ಮೆಲಾಕಾದ ಕಾಲೇಜಿನಲ್ಲಿ ಅನಾಟಮಿ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನವರು "ಕೇಳುವುದಿಲ್ಲ ಮೇಡಂ" ಎನ್ನತೊಡಗಿದ್ದು ನಿನಗೆ ನೆನಪಿರಬಹುದು. ಆಮೇಲೆ ಎಡಗಣ್ಣಿನ ರೆಪ್ಪೆ ಜೋತುಬಿತ್ತು. ನರ ಹೇಳಿದ ಮಾತು ಸ್ನಾಯುವಿಗೆ ಮುಟ್ಟದ ಹಾಗೆ ನಡುವೆ ಅಡ್ಡ ನಿಲ್ಲುವ ಯಾವುದೋ ಕೆಟ್ಟ ಪ್ರೋಟೀನು ಅವಳ ರಕ್ತದಲ್ಲೇ ಹುಟ್ಟುತ್ತಿದೆ ಎಂದು ಡಾಕ್ಟರು ಹೇಳಿದ ದಿನ ಅವಳು ಅಳಲಿಲ್ಲ, ನೀನು ಅತ್ತೆ. ಅತ್ತು ಮುಗಿಸಿ, ಅರ್ಧ ಮಾಡಿದ್ದ ಪಿಎಚ್‌ಡಿಯ ವಿಷಯವನ್ನೇ ಬದಲಿಸಿಕೊಂಡೆ. ಮಾತ್ರೆಗಳಿಂದ ಅಮ್ಮ ಸುಧಾರಿಸಿದರೂ ನೀನು ಬಿಡಲಿಲ್ಲ. ಸಣ್ಣ ಸಣ್ಣ ಮಣಿ ತುಂಬಿದ ಆ ಗಾಜಿನ ಕೊಳವೆಯನ್ನು ಮೊದಲ ಸಲ ಮನೆಗೆ ತಂದು ತೋರಿಸಿದ್ದು ನನಗೆ ಚೆನ್ನಾಗಿ ನೆನಪುಂಟು. ರಕ್ತದ ನೀರನ್ನು, ಅಂದರೆ ಪ್ಲಾಸ್ಮಾವನ್ನು, ಇದರೊಳಗೆ ಹರಿಸಿದರೆ ಕೆಟ್ಟ ಪ್ರೋಟೀನು ಮಾತ್ರ ಮಣಿಗಳಿಗೆ ಅಂಟಿಕೊಳ್ಳುತ್ತದೆ, ಒಳ್ಳೆಯದೆಲ್ಲ ಹೊರಗೆ ಬಂದು ಮತ್ತೆ ದೇಹಕ್ಕೆ ಹೋಗುತ್ತದೆ ಎಂದೆ. ಐಡಿಯಾ ಅಪ್ಪನದೇ ಎಂದು ಬೇರೆ ಹೇಳಿದೆ! ನನ್ನ ಕೇಬಲ್ ಪೆಟ್ಟಿಗೆಯ ಕಥೆಯನ್ನು ಊಟದ ಹೊತ್ತಿಗೆ ಕೇಳಿ ಕೇಳಿ ಹೊಳೆಯಿತಂತೆ. ಒಂದು ಮನೆಯ ಸಡಿಲ ಜೋಡಣೆಯಿಂದ ಹೊರಟ ಸಿಗ್ನಲಿನ ಗದ್ದಲ ಇಡೀ ಬೀದಿಯ ಕೇಬಲ್ ಇಂಟರ್ನೆಟ್ಟನ್ನು ಕೆಡಿಸುತ್ತದಲ್ಲ, ಬೀದಿಯನ್ನೇ ಬಂದ್ ಮಾಡದೆ ಆ ಒಂದು ಮನೆಯನ್ನು ಹುಡುಕಿ ಅದರ ದಾರಿಯನ್ನು ಮಾತ್ರ ಮುಚ್ಚುವ ಪೆಟ್ಟಿಗೆ ನನ್ನದು. ನಿನ್ನ ಮಾತು ಕೇಳಿ ಒಳಗೊಳಗೇ ಉಬ್ಬಿಹೋಗಿದ್ದೆ, ತೋರಿಸಿಕೊಳ್ಳಲಿಲ್ಲ ಅಷ್ಟೆ.

ಆ ಪೆಟ್ಟಿಗೆಯ ಮೇಲಿನ ನನ್ನ ಪೇಟೆಂಟಿಗೆ ಹೋದ ವರ್ಷ ಇಪ್ಪತ್ತು ತುಂಬಿ ಅದರ ಆಯುಷ್ಯ ಮುಗಿಯಿತು. ಯಾರೂ ಹೇಳಲಿಲ್ಲ, ನಾನೇ ಲೆಕ್ಕ ಹಾಕಿಕೊಂಡೆ. ಈಗ ಎಲ್ಲ ಕಡೆ ಫೈಬರ್, ಆ ಪೆಟ್ಟಿಗೆ ಯಾರಿಗೆ ಬೇಕು? ಆದರೆ ಅದು ಕೆಲವು ವರ್ಷ ಎಷ್ಟೋ ಊರಿನ ಕಂಬಗಳ ಮೇಲೆ ಕೂತು ತನ್ನ ಕೆಲಸ ಮಾಡಿತು. ನಿನ್ನದಕ್ಕೆ ಅಷ್ಟೂ ಆಗಲಿಲ್ಲ. ಯೂನಿವರ್ಸಿಟಿಯವರು ಅದರ ಪೇಟೆಂಟನ್ನು ಒಂದು ಕಂಪನಿಗೆ ಕೊಟ್ಟರು. ಆ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ನುಂಗಿತು. ಅವರ ಬಳಿ ರಕ್ತದ ನೀರನ್ನೆಲ್ಲ ಹೊರಗೆ ಚೆಲ್ಲುವ ಯಂತ್ರ ಮೊದಲೇ ಇತ್ತು, ಅದೇ ಚೆನ್ನಾಗಿ ಮಾರಾಟವಾಗುತ್ತಿತ್ತು. ನಿನ್ನ ಕೊಳವೆ ಕಪಾಟು ಸೇರಿತು. "ಅಪ್ಪ, ಅಟ್ ಲೀಸ್ಟ್ ಯುವರ್ಸ್ ಗಾಟ್ ಯೂಸ್ಡ್" ಎಂದೆ ನೀನು. ಆ ಹೊತ್ತಿಗೇ ಜರ್ಮನಿಯ ನೌಕರಿ ಬಂತು. ಹೋಗಲೋ ಬೇಡವೋ ಎಂದು ನೀನು ತೂಗುತ್ತಿದ್ದಾಗ ಅಮ್ಮ "ನನ್ನ ರೋಗ ನಿನ್ನ ಉದ್ಯೋಗ ಅಲ್ಲ, ಹೊರಡು" ಎಂದಳು. ಅದು ನಿನಗೆ ಚುಚ್ಚಿತು. ಏರ್‌ಪೋರ್ಟಿನಲ್ಲಿ ನೀನು ಅವಳ ಕಾಲು ಮುಟ್ಟಿದೆ, ಮುಖ ನೋಡಲಿಲ್ಲ. ಈಗ ಅಲ್ಲಿ ಹಾಲಿನಿಂದ ಪ್ರೋಟೀನು ಬೇರೆ ಮಾಡಿ ಜಿಮ್ಮಿನ ಹುಡುಗರಿಗೆ ಪುಡಿ ಮಾಡುತ್ತೀ. ಇರಲಿ, ಅದೂ ಕೆಲಸವೇ.

ಇನ್ನು ನಿನಗೆ ಗೊತ್ತಿಲ್ಲದ್ದು. ಅಮ್ಮನ ರೋಗ ತಿರುಗಿ ಬಂದಿದೆ ಮಗಾ. ಈ ವರ್ಷದ ಮಳೆಗಾಲಕ್ಕೂ ಮೊದಲೇ ಶುರುವಾಗಿತ್ತು. ಅವಳಿಗೆ ತಿಳಿದಿತ್ತು, ನನಗೆ ಹೇಳಲಿಲ್ಲ. ಜೋತುಬೀಳುವ ಎರಡೂ ರೆಪ್ಪೆಗಳನ್ನು ಪ್ಲಾಸ್ಟರಿನಿಂದ ಹಣೆಗೆ ಅಂಟಿಸಿ ಎತ್ತಿಕೊಂಡು ಪೇಪರು ಓದುತ್ತಿದ್ದಳು, ನಿದ್ದೆ ಕಡಿಮೆ ಎಂದು ನನ್ನನ್ನು ನಂಬಿಸಿದಳು. ಆಗಸ್ಟಿನಲ್ಲಿ ಒಂದು ಸಂಜೆ ಮಮಕ್ ಹೋಟೆಲಿನಿಂದ ತೋಸೆ ಕಟ್ಟಿಸಿ ತಪಾವ್ ಮಾಡಿಸಿಕೊಂಡು ಬಂದಿದ್ದೆ. ಎರಡನೇ ತುತ್ತಿಗೆ ಕೆಮ್ಮಿದಳು. ಕೆಮ್ಮಿದ್ದಲ್ಲ, ಕೆಮ್ಮಲಿಕ್ಕೆ ನೋಡಿದಳು, ಶಕ್ತಿ ಸಾಲಲಿಲ್ಲ. ತುಟಿ ನೀಲಿಯಾಯಿತು. ಪಕ್ಕದ ಮನೆಯ ತಮಿಳು ಅಕ್ಕ ಓಡಿಬಂದು ಬೆನ್ನಿಗೆ ಗುದ್ದಿ ತುತ್ತು ಹೊರಗೆ ಹಾರಿಸದಿದ್ದರೆ ಈ ಕಾಗದದಲ್ಲಿ ನಾನು ಬೇರೇನೋ ಬರೆಯಬೇಕಾಗುತ್ತಿತ್ತು. ಸೆರೆಂಬಾನಿನ ಆಸ್ಪತ್ರೆಯಲ್ಲಿ ಗಂಟಲಿಗೆ ನಳಿಗೆ ಇಳಿಸಿ ಉಸಿರಾಟದ ಯಂತ್ರಕ್ಕೆ ಹಾಕಿದರು. ನಳಿಗೆ ಇರುವಾಗ ಮಾತಿಲ್ಲವಲ್ಲ, ಒಂದು ಸಣ್ಣ ಬೋರ್ಡು ಕೊಟ್ಟಿದ್ದರು. ಎಚ್ಚರವಾದ ಮೇಲೆ ಅವಳು ಬರೆದ ಮೊದಲ ಮಾತು "ಚಾ ಕುಡಿದಿರಾ?" ನಾನು ಕುಡಿದಿರಲಿಲ್ಲ. ಕುಡಿದೆ ಎಂದೆ.

ಅಲ್ಲಿ ನಮ್ಮ ಮೈಸೂರಿನ ಕಡೆಯ ಡಾಕ್ಟರೊಬ್ಬಳು ಸಿಕ್ಕಿದಳು, ಗಾನವಿ ಎಂದು, ನಿನಗಿಂತ ಸ್ವಲ್ಪ ದೊಡ್ಡವಳಿರಬಹುದು. ಅಮ್ಮನ ರಕ್ತದ ನೀರನ್ನು ಯಂತ್ರದಿಂದ ತೆಗೆದು ಬೇರೆ ತುಂಬಿಸುತ್ತಿದ್ದರು. ಮಂಚದ ಪಕ್ಕ ಹಳದಿ ನೀರಿನ ಚೀಲಗಳು ತುಂಬುತ್ತಿದ್ದವು. ಇದರಲ್ಲಿ ಕೆಟ್ಟದ್ದು ಎಷ್ಟಿರುತ್ತದೆ ಎಂದು ನಾನು ಕೇಳಿದೆ. "ಚಿಟಿಕೆಯಷ್ಟು ಅಂಕಲ್. ಆದರೆ ಬೇರೆ ಮಾಡೋಕಾಗಲ್ಲ, ಎಲ್ಲ ಚೆಲ್ಲಬೇಕು" ಎಂದಳು. ಬೇರೆ ಮಾಡುವ ಕೊಳವೆ ಒಂದು ಉಂಟಲ್ಲ ಎಂದೆ. ಅವಳು ಫೋನಿನಲ್ಲಿ ಹುಡುಕಿ, ಓದಿ, ತಲೆಯೆತ್ತಿ, "ಅಂಕಲ್, ಈ ಶ್ರೀಯಾ ವಿಠಲ ನಿಮಗೇನಾಗಬೇಕು?" ಎಂದಳು. ಮಂಚದ ಮೇಲಿದ್ದವಳು ಬೋರ್ಡಿಗೆ ಕೈ ಚಾಚಿ ಬರೆದಳು: "ನನ್ನ ಮಗಳು." ಕೆಳಗೆ ಒಂದು ಗೆರೆ ಎಳೆದಳು. ಆ ಗೆರೆ ಎಳೆಯಲಿಕ್ಕೆ ಅವಳಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ನಿಂತು ನೋಡಿದವನು ನಾನು. ನಳಿಗೆ ತೆಗೆದ ಮೇಲೆ ನರ್ಸಿಗೆ ಹೇಳಿದಳಂತೆ, ಒಬ್ಬ ಕಳ್ಳನಿಗೋಸ್ಕರ ನೀವು ಇಡೀ ಬಸ್ಸನ್ನೇ ಸಮುದ್ರಕ್ಕೆ ನೂಕುತ್ತೀರಿ, ನನ್ನ ಮಗಳಾದರೆ ಕಳ್ಳನನ್ನು ಮಾತ್ರ ಇಳಿಸುತ್ತಿದ್ದಳು ಎಂದು.

ನಾನು ಸುಮ್ಮನೆ ಕೂರಲಿಲ್ಲ. ನಿನ್ನ ಕೊಳವೆಯನ್ನು ಕೇಳಿ ಆ ದೊಡ್ಡ ಕಂಪನಿಗೆ ಬರೆದೆ. ಇದು ನಮ್ಮ ಈಗಿನ ಯೋಜನೆಗಳಲ್ಲಿ ಇಲ್ಲ, ನಿಮ್ಮ ಪತ್ನಿ ಬೇಗ ಗುಣವಾಗಲಿ ಎಂದು ಸಭ್ಯ ಉತ್ತರ ಬಂತು. ಪುತ್ರಜಯಾದಲ್ಲಿರುವ ವಕೀಲ ಮಧ್ವರಾಜರ ಬಳಿ ಹೋದೆ. ಬಳಸದೆ ಇಟ್ಟ ಪೇಟೆಂಟನ್ನು ಬೇರೆಯವರು ಬಳಸಲು ಬಿಡಿ ಎಂದು ಕೇಳಲಿಕ್ಕೆ ಕಾನೂನಿನಲ್ಲಿ ದಾರಿ ಉಂಟಂತೆ. "ಆದರೆ ವಿಠಲರೇ, ಅದಕ್ಕೆ ವರ್ಷಗಳು ಬೇಕು. ಗೆದ್ದರೂ ಆ ಕೊಳವೆಯನ್ನು ಮಾಡುವವರು ಯಾರು? ರೋಗಿಗಳ ಮೇಲೆ ಪರೀಕ್ಷೆ ಮಾಡದೆ ಯಾವ ಆಸ್ಪತ್ರೆ ಮುಟ್ಟುತ್ತದೆ?" ಎಂದರು. ಸರಿಯಾದ ಮಾತೇ. ಕಾರಿನಲ್ಲಿ ಕೂತು ಆ ಅಗಲ ರಸ್ತೆಗಳನ್ನು ನೋಡುತ್ತಾ ಬಹಳ ಹೊತ್ತು ಎಂಜಿನ್ ಶುರು ಮಾಡಲಿಲ್ಲ. ಯಾರೂ ನನಗೆ ಅನ್ಯಾಯ ಮಾಡಿರಲಿಲ್ಲ. ಎಲ್ಲರೂ ಸೌಜನ್ಯದಿಂದಲೇ ಮಾತಾಡಿದ್ದರು. ಜಗಳವಾಡಲಿಕ್ಕೆ ಒಬ್ಬ ಮನುಷ್ಯನಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು ಎನಿಸಿತು.

ಇದೆಲ್ಲ ಅಮ್ಮನಿಗೆ ಗೊತ್ತಾಯಿತು. ಬೈದಳು, ಅವಳ ಈಗಿನ ಸ್ವರದಲ್ಲಿ ಬೈಗುಳ ಕೇಳಬೇಕಾದರೆ ಕಿವಿ ಬಾಯಿಯ ಹತ್ತಿರ ತರಬೇಕು. "ಶ್ರೀಯಾಳಿಗೆ ಹೇಳಿದರೆ ನನ್ನ ಮೇಲಾಣೆ. ತಾನು ಮಾಡಿದ ಕೊಳವೆ ಉಂಟು, ಆದರೂ ಅದು ಅಮ್ಮನಿಗೇ ಸಿಗಲಿಲ್ಲ ಅಂತ ಗೊತ್ತಾದರೆ ಆ ಹುಡುಗಿ ಹೇಗೆ ಬದುಕಬೇಕು ಮಾರಾಯ್ರೇ?" ಎಂದಳು. ಅದಕ್ಕೇ ನಾನು ಸ್ನಾನ, ಅಡುಗೆ, ಪಕ್ಕದ ಮನೆ ಎಂದು ನಿನಗೆ ಸುಳ್ಳು ಹೇಳುತ್ತಾ ಬಂದೆ. ನೀನು ಭಾನುವಾರ ಎದ್ದು ಮಧ್ಯಾಹ್ನ ಫೋನು ಮಾಡುವಾಗ ಇಲ್ಲಿ ಸಂಜೆ ಏಳು. ಆ ಹೊತ್ತಿಗೆ ಅವಳ ಸ್ವರ ಪೂರ್ತಿ ಹೋಗಿರುತ್ತದೆ, ತಲೆ ನಿಲ್ಲದೆ ಗಲ್ಲಕ್ಕೆ ಕೈ ಕೊಟ್ಟು ಕೂತಿರುತ್ತಾಳೆ. ಆದರೆ ಎಲ್ಲಿಗೂ ಹೋಗಿರುವುದಿಲ್ಲ. ನನ್ನ ಪಕ್ಕದಲ್ಲೇ, ಅದೇ ಸೋಫಾದ ಮೇಲೆ, ಸ್ಪೀಕರಿನಲ್ಲಿ ನಿನ್ನ ಮಾತು ಕೇಳುತ್ತಾ ಬೋರ್ಡಿನಲ್ಲಿ ಬರೆಯುತ್ತಾಳೆ: "ಸ್ವೆಟರ್ ತಗೊಂಡಳಾ ಕೇಳಿ." "ಕೆಮ್ಮುತ್ತಾಳೆ, ಬಿಸಿನೀರು ಕುಡಿಯಲಿಕ್ಕೆ ಹೇಳಿ." ಇಷ್ಟು ತಿಂಗಳು ನಾನು ಕೇಳಿದ ಪ್ರಶ್ನೆಗಳೆಲ್ಲ ಅವಳವು ಮಗಾ. ನನಗೆ ಅಷ್ಟೆಲ್ಲ ಎಲ್ಲಿ ತೋಚುತ್ತದೆ? ದೀಪಾವಳಿಯ ದಿನ ನೀನು ಇಟ್ಟ ಮೇಲೆ ಅವಳು ಬೋರ್ಡನ್ನು ಒರೆಸಿ, ಖಾಲಿ ಬೋರ್ಡನ್ನೇ ಹಿಡಿದುಕೊಂಡು ಕೂತಳು. ಅದನ್ನು ನೋಡಿದ ಮೇಲೆ ಅವಳ ಆಣೆ ನನಗೆ ದೊಡ್ಡದೆನಿಸಲಿಲ್ಲ.

ಈಗ ಅವಳಿಗೆ ಗಂಜಿಯೇ ಊಟ, ಅದೂ ತಿಳಿ. ತಮಿಳು ಅಕ್ಕ ಖಾರವಿಲ್ಲದ ರಸಂ ಕಳಿಸುತ್ತಾಳೆ. ನೀನು ಎಲ್ಲ ಬಿಟ್ಟು ಓಡಿಬಾ ಎಂದು ಹೇಳುತ್ತಿಲ್ಲ. ಬರಬೇಡ ಎಂದೂ ಹೇಳಲಾರೆ. ಕೊಳವೆ ಕಪಾಟಿನಲ್ಲಿರುವುದು ನಿನ್ನ ತಪ್ಪಲ್ಲ, ಅದನ್ನು ಮಾತ್ರ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅಮ್ಮನಿಗೆ ಅದು ಸಿಗಲಿಲ್ಲ ಎಂಬ ದುಃಖ ಇಲ್ಲ. ನೀನು ತನ್ನ ಮೇಲೆ ಮುನಿದಿದ್ದೀ ಎಂಬುದು ಉಂಟು.

ಉಡುಪಿಯ ಕೃಷ್ಣ ಆ ಚಳಿಯ ಊರಿನಲ್ಲೂ ನಿನ್ನ ಬೆನ್ನಿಗಿರಲಿ. ಒಪ್ಪೊತ್ತಾದರೂ ಅನ್ನ ಬೇಯಿಸಿ ತಿನ್ನು. ಅಮ್ಮನ ಆಶೀರ್ವಾದವನ್ನೂ ಸೇರಿಸಿದ್ದೇನೆ, ಅವಳಿಗೆ ಹೇಳದೆ.

ನಿನ್ನ
ಅಪ್ಪ, ವಿಠಲ

ಮರೆತ ಮಾತು: ಕಾಗದ ಮಡಚುವಾಗ ಗಾನವಿಯ ಫೋನು ಬಂತು. ಅಮ್ಮನ ಎದೆಮೂಳೆಯ ಹಿಂದೆ ಒಂದು ಗಂಟು ಇರುವುದು ಮೊದಲೇ ಗೊತ್ತಾಗಿತ್ತು, ಅದನ್ನು ಮೇಲೆ ಬರೆಯಲಿಕ್ಕೆ ಕೈ ಬರಲಿಲ್ಲ. ಮುಂದಿನ ತಿಂಗಳು ಎಂದಿದ್ದ ಆಪರೇಷನನ್ನು ಇದೇ 24ಕ್ಕೆ ಇಟ್ಟಿದ್ದಾರೆ. ಆಮೇಲೆ ಮತ್ತೆ ನಳಿಗೆ. ಎಷ್ಟು ದಿನ, ತೆಗೆಯಲಿಕ್ಕೆ ಆಗುತ್ತದೋ ಇಲ್ಲವೋ, ಗಾನವಿ ಮಾತು ಕೊಡಲಿಲ್ಲ. ಕೊರಿಯರಿನವರು ನಾಲ್ಕೈದು ದಿನದಲ್ಲಿ ಮುಟ್ಟಿಸುತ್ತೇವೆ ಎಂದಿದ್ದಾರೆ. ಬೆಳಿಗ್ಗೆ ಏಳೂವರೆಗೆ, ಮಾತ್ರೆ ಹಿಡಿದ ಮೇಲೆ, ಅಮ್ಮನಿಗೆ ಸ್ವಲ್ಪ ಹೊತ್ತು ಸ್ವರ ಉಂಟು, ಮೊದಲಿನ ಹಾಗೇ. ನಿನಗೆ ಅದು ಮಧ್ಯರಾತ್ರಿ ಕಳೆದ ಮೇಲೆ. ಎದ್ದಿದ್ದು ಫೋನು ಮಾಡು ಮಗಾ. ನಾನು ಎತ್ತಿ ಏನೂ ಹೇಳದೆ ಅವಳ ಕೈಗೆ ಕೊಟ್ಟು ಹೊರಗೆ ಹೋಗುತ್ತೇನೆ.