ಐವಿಯಮ್ಮನ ಗೇಟಿನ ಮೊಟ್ಟೆಗಳು

ರುಮೈಥಿಯಾ, ಕುವೈತ್
11 ಸೆಪ್ಟೆಂಬರ್ 1990

ಪ್ರೀತಿಯ ಆಶಾ,

ಮೈ ಹುಷಾರಿದೆಯಾ? ಪಾತ್ರೆ ತೊಳೆದೂ ತೊಳೆದೂ ಕೈ ಸಿಪ್ಪೆ ಏಳುತ್ತಿದೆ ಎಂದು ನೀನು ಬರೆದಿದ್ದೆ. ಎಣ್ಣೆ ಹಚ್ಚಿಕೋ. ಮೇಡಮ್ಮನ್ನು ಕೇಳಬೇಡ, ಅಡುಗೆಮನೆಯ ಎಣ್ಣೆಯನ್ನೇ ಹಚ್ಚು. ನಾನು ಚೆನ್ನಾಗಿದ್ದೇನೆ. ಅಂದರೆ ಬದುಕಿದ್ದೇನೆ.

ಜುಲೈಯಲ್ಲಿ ಬಂದ ನಿನ್ನ ಪತ್ರವೇ ಕೊನೆಯದು. ಆಮೇಲೆ ಇರಾಕಿನ ಸೈನ್ಯ ಬಂತು, ಅಂಚೆ ನಿಂತಿತು, ಫೋನ್ ಸತ್ತಿತು. ಅದನ್ನೇ ಓದಿ ಓದಿ, ನಮ್ಮಿಬ್ಬರನ್ನೂ ವೀಸಾ ಕೊಟ್ಟು ಕೆಲಸಕ್ಕಿಟ್ಟ ಕಫೀಲ್ ಬೇಸಿಗೆ ಕಳೆಯಲು ಮೇಡಮ್ಮಿನ ಜೊತೆ ನಿನ್ನನ್ನೂ ಎಳೆದೊಯ್ದ ಆ ಇಂಗ್ಲೆಂಡಿನ ಹಳ್ಳಿ ನನಗೆ ಬಾಯಿಪಾಠವಾಗಿದೆ. ಇಗರ್ಜಿಯೊಂದಿದೆ, ಪ್ರಾರ್ಥನೆಗೆ ಜನವಿಲ್ಲ. ಗೋಧಿ ಗದ್ದೆ, ಕುರಿ, ಮತ್ತೆ ಗದ್ದೆ. ದಿನವಿಡೀ ದಾರಿಯಲ್ಲಿ ಒಂದು ಟ್ರ್ಯಾಕ್ಟರ್ ಹೋದರೆ ಅದೇ ಹಬ್ಬ. ಕಾಗೆ ಓಡಿಸಲು ಗದ್ದೆಯಲ್ಲಿ ತಾನಾಗಿ ಢಂ ಅನ್ನುವ ಯಂತ್ರ ಇದೆ, ಮೊದಲ ದಿನ ಕೈಯಲ್ಲಿದ್ದ ತಟ್ಟೆ ಬಿಟ್ಟೆ ಎಂದು ನೀನು ಬರೆದಿದ್ದೆ. ನಾನು ಓದಿ ನಕ್ಕಿದ್ದೆ. ಈಗ ಇಲ್ಲೂ ಢಂ ಅನ್ನುತ್ತದೆ. ಇಲ್ಲಿ ಓಡಿಸುವುದು ಕಾಗೆಗಳನ್ನಲ್ಲ.

ಈ ಬೀದಿ ಖಾಲಿಯಾಗಿದೆ, ಆಶಾ. ಮಾತಾಡಲು ಉಳಿದವಳು ಪಕ್ಕದ ಮನೆಯಲ್ಲಿ ಅಡುಗೆಗಿರುವ ಉಳ್ಳಾಲದ ಆಯಿಶಮ್ಮ ಒಬ್ಬಳೇ. ನಾಳೆ ಅವಳೂ ಗಡಿ ದಾಟಿ ಅಮ್ಮಾನಿಗೆ ಹೋಗುವ ಬಸ್ಸು ಹತ್ತುತ್ತಾಳೆ. ಅಲ್ಲಿಂದ ಬೊಂಬಾಯಿಗೆ ವಿಮಾನ. ಈ ಪತ್ರವನ್ನು ಅಮ್ಮಾನಿನಲ್ಲೇ ಅಂಚೆಗೆ ಹಾಕುತ್ತಾಳೆ. "ನೀನೆಂಥದು ಮಾರಾಯ, ಅವರ ಸೋಫಾ ಕಾಯುತ್ತ ಕೂರಲು ಅದನ್ನೇನು ಮದುವೆಯಾಗಿದ್ದೀಯಾ?" ಎಂದು ಬೆಳಿಗ್ಗೆಯೂ ಬೈದಳು. ಅವಳಿಗೇನು ಗೊತ್ತು. ಫೋನ್ ಸಾಯುವ ಮೊದಲು ಕಫೀಲ್ ಅಲ್ಲಿಂದ ಕರೆ ಮಾಡಿ ಅಂದ ಮಾತು ನಿನಗೂ ಹೇಳಿರಲಿಲ್ಲ: "ಮನೆ ಬಿಟ್ಟು ಹೋದರೆ ಆಶಾಳ ವಿಷಯ ನನ್ನನ್ನು ಕೇಳಬೇಡ." ನನ್ನ ಪಾಸ್‌ಪೋರ್ಟ್ ಇಲ್ಲಿ ಅವನ ಕಪಾಟಿನಲ್ಲಿ, ನಿನ್ನದು ಅಲ್ಲಿ ಮೇಡಮ್ಮಿನ ಪೆಟ್ಟಿಗೆಯಲ್ಲಿ. ನಿನ್ನನ್ನು ತೋರಿಸಿ ನನ್ನನ್ನು ಕಟ್ಟಿಹಾಕಿದ್ದಾನೆ, ನನ್ನನ್ನು ತೋರಿಸಿ ನಿನ್ನನ್ನು. ಇಂಥವನನ್ನು ಧಣಿ ಅನ್ನಬಾರದು, ಕಳ್ಳ ಅನ್ನಬೇಕು.

ಒಂಟಿಯಾಗಿ ಕೂತಾಗ ನೆನಪಾಗುವುದು ನಿನ್ನ ಐವಿಯಮ್ಮ. ಆ ಹಳ್ಳಿಯ ಮುದುಕಿ ತನ್ನ ಗೇಟಿನ ಹೊರಗೆ ಸ್ಟೂಲಿನ ಮೇಲೆ ಮೊಟ್ಟೆ ಇಟ್ಟು, ಪಕ್ಕದಲ್ಲೊಂದು ಡಬ್ಬಿ ಇಟ್ಟು ಗದ್ದೆಗೆ ಹೋಗುತ್ತಾಳಂತೆ. ಬೇಕಾದವರು ಕಾಸು ಹಾಕಿ ಒಯ್ಯುತ್ತಾರೆ, ಕಾವಲಿಲ್ಲ. ಅಲ್ಲಿ ಮೊಟ್ಟೆಗೆ ಕಾವಲಿಲ್ಲ, ಇಲ್ಲಿ ನಾನು ಖಾಲಿ ಮನೆಗೆ ಕಾವಲು. "ನಾವಿರುವ ದೊಡ್ಡ ಮನೆಗೆ ಬಂದ ಪತ್ರ ಮೇಡಂ ಒಡೆಯುತ್ತಾರೆ, ಐವಿಯ ವಿಳಾಸಕ್ಕೆ ಬರೆಯಿರಿ" ಎಂದಿದ್ದೆಯಲ್ಲ, ಹಾಗೇ ಮಾಡಿದ್ದೇನೆ.

ನನ್ನ ಅಪ್ಪ, ಗೇಣಿ ಭೂಮಿ ಉಳುವ ತನಗೇ ಸೇರಬೇಕೆಂದು ಸರ್ಕಾರಕ್ಕೆ ಡಿಕ್ಲರೇಶನ್ ಕೊಟ್ಟ ವರ್ಷ, ಊರಿನ ಧಣಿ ಕರೆಸಿದಾಗ ಅವನ ಅಂಗಳಕ್ಕೆ ಒಬ್ಬನೇ ಹೋಗಲಿಲ್ಲ. ಊರಿನ ಒಕ್ಕಲೆಲ್ಲ ಹಿಂದೆ ನಿಂತಿತ್ತು. ಧಣಿಯ ದನಿ ಆವತ್ತು ಇಳಿಯಿತು. ಯಾಕೋ ಇವತ್ತೆಲ್ಲ ಅದೇ ನೆನಪು.

ಮಗಳು ಅಶ್ಮಿತಾ ಊರಲ್ಲಿ ನಿನ್ನ ಅಮ್ಮನ ಹತ್ತಿರ ಸುಖವಾಗಿರಲಿ, ನೀನು ಹೊಟ್ಟೆ ತುಂಬ ಉಣ್ಣು. ಐವಿಯಮ್ಮನಿಗೆ ನನ್ನ ನಮಸ್ಕಾರ.

ನಿನ್ನ
ಸುಂದರ

ಮತ್ತೆ: ಇದನ್ನು ಅಮ್ಮಾನಿನಲ್ಲಿ ನಿಂತು ಬರೆಯುತ್ತಿದ್ದೇನೆ. ಪತ್ರ ಆಯಿಶಮ್ಮನಿಗೆ ಕೊಡಲಿಲ್ಲ, ನಾನೇ ತಂದೆ. ಕಪಾಟಿನ ಬೀಗ ಒಡೆದೆ. ನನ್ನ ಪಾಸ್‌ಪೋರ್ಟ್ ಬಿಟ್ಟು ಏನನ್ನೂ ಮುಟ್ಟಲಿಲ್ಲ. ಮನೆಯ ಕೀಲಿಕೈಯನ್ನು ಐವಿಯಮ್ಮನ ಹಾಗೆ ಗೇಟಿನ ಹೊರಗೆ ಒಂದು ಸ್ಟೂಲಿನ ಮೇಲಿಟ್ಟು ಬಂದಿದ್ದೇನೆ. ಇನ್ನು ಅವನು ನಿನಗೆ ನನ್ನನ್ನು ತೋರಿಸಿ ಹೆದರಿಸಲಾರ. ಈ ಪತ್ರ ಕೊಟ್ಟ ಐವಿಯಮ್ಮನ ಕೈ ಬಿಡಬೇಡ, ಅವಳನ್ನು ಕರೆದುಕೊಂಡು ಹೋಗಿ ಮೇಡಮ್ಮಿನ ಹತ್ತಿರ ನಿನ್ನ ಪಾಸ್‌ಪೋರ್ಟ್ ಕೇಳು. ಇವತ್ತೇ ಕೇಳು. ಆದರೆ ಒಬ್ಬಳೇ ಹೋಗಿ ಕೇಳಬೇಡ.