ಇಲ್ಲದ ಚಿರತೆಗೆ ಬಾಗಿಲು ಹಾಕಿದ ಊರು

ಹಿರೇಕೊಪ್ಪ ಕ್ಷೇತ್ರ
ಬಳೆ ವರ್ಷ ಅರವತ್ತೊಂದು, ಹದಿಮೂರನೆಯ ತಿಂಗಳ ಎರಡನೆಯ ದಿನ
ಬಲಿಪಾಡ್ಯಮಿ, ಮಧ್ಯಾಹ್ನ

ಮಾನ್ಯ ಶಾಸಕಿ ಕಸ್ತೂರಿ ಯಲಿಗಾರ ಅವರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಹದಿಮೂರನೆಯ ತಿಂಗಳು ಇರಲಿಲ್ಲವೆಂದು ಬಲ್ಲೆ. ನಿಮ್ಮ ಲೆಕ್ಕಕ್ಕೆ ಇದು 2190ರ ಆಸುಪಾಸು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಹಳೆಯ ಪತ್ರದಲ್ಲಿನ ‘ಗುದ್ದಲಿ ಪೂಜೆ’ ಎಂದರೆ ಏನೆಂದು ತಿಳಿಯಲು ಕಾಲೇಜು ಓದಿದ ನನಗೂ ಎರಡು ದಿನ ಹಿಡಿಯಿತು. ಜೊತೆಗೆ, ಐದು ವರ್ಷದಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ವಾಕ್ಯ ಎಲ್ಲಾದರೂ ತೂಕಡಿಸಿದರೆ ಅದನ್ನೂ ಹೊಟ್ಟೆಗೆ ಹಾಕಿಕೊಳ್ಳಿ. ಬರೆಯುತ್ತಿರುವ ಕಾರಣವನ್ನು ಸುತ್ತಿ ಬಳಸದೆ ಹೇಳಿಬಿಡುತ್ತೇನೆ: ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.

ನಾನೂ ಶಾಸಕಿಯೇ. ಆದರೆ ನಮ್ಮಲ್ಲಿ ಚುನಾವಣೆಯಿಲ್ಲ. ಯುಗಾದಿಯ ದಿನ ಎಲ್ಲರ ಹೆಸರಿನ ಚೀಟಿಗಳನ್ನು ಕೊಡದಲ್ಲಿ ಹಾಕಿ ಒಂದನ್ನು ಎತ್ತುತ್ತಾರೆ. ಬಂದವರು ಒಂದು ವರ್ಷ ಊರಿನ ಜವಾಬ್ದಾರಿ ಹೊರಬೇಕು. ಇವರನ್ನು ಚೀಟಿಶಾಸಕರು ಎನ್ನುತ್ತೇವೆ. ಪಕ್ಷವಿಲ್ಲ, ಜೈಕಾರವಿಲ್ಲ, ಮುಂದಿನ ಸಲ ಗೆಲ್ಲುವ ಆಸೆಯೂ ಇಲ್ಲ. ಅದಕ್ಕೇ ಚೀಟಿಶಾಸಕರು ದೀಪಾವಳಿಗೆ ಬರೆಯುವ ಹಬ್ಬದ ಕಾಗದವನ್ನು ಊರು ಕಣ್ಣುಮುಚ್ಚಿ ನಂಬುತ್ತದೆ. ಹನ್ನೊಂದು ಓಣಿಗಳ ಬಾಯಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಾರೆ: ಊರಿನ ಸುದ್ದಿ, ಆಮೇಲೆ ಸುರಕ್ಷತೆ. ಮಾದರಿಗೆಂದು ಹಿಂದಿನವರ ಕಾಗದಗಳ ಪೆಟ್ಟಿಗೆಯೊಂದನ್ನು ನನ್ನ ಕೈಗೆ ಕೊಟ್ಟರು. ಅದರ ತಳದಲ್ಲಿ ನಿಮ್ಮ ದೀಪಾವಳಿ ಪತ್ರ ಸಿಕ್ಕಿತು. ದೊಡ್ಡ ಕುಂಕುಮ, ಇಳಕಲ್ಲ ಸೀರೆ, ಕೈ ಮುಗಿದ ಫೋಟೋ. ರಾತ್ರಿಯೆಲ್ಲ ಚೆನ್ನಾಗಿ ನಿದ್ದೆ ಮಾಡಿದ ಮುಖ.

ಅದರಲ್ಲಿ ನೀವು ಬರೆದಿದ್ದೀರಿ: ಬಸ್ ಸ್ಟ್ಯಾಂಡಿನ ಹತ್ತಿರ ಹೊಸ ಬೋರ್‌ವೆಲ್ ಆಗಿದೆ, ಹೈಸ್ಕೂಲಿನ ಹುಡುಗಿಯರು ಖೋಖೋದಲ್ಲಿ ಗೆದ್ದಿದ್ದಾರೆ, ಪಟಾಕಿ ಹಚ್ಚುವಾಗ ಬಕೆಟ್ ನೀರು ಪಕ್ಕದಲ್ಲಿರಲಿ, ಗೋವಿನಜೋಳದ ಹೊಲದಲ್ಲಿ ಚಿರತೆ ಕಂಡಿದೆ, ಮುಸ್ಸಂಜೆ ಒಬ್ಬರೇ ಹೋಗಬೇಡಿ. ಇವುಗಳ ನಡುವೆ ಎರಡು ಸಾಲು: ‘ಸೋಮವಾರದ ಸಂತೆಯಲ್ಲಿ ಕಳೆದುಹೋಗಿದ್ದ ನಾಲ್ಕು ವರ್ಷದ ರೇಣುಕಾ ಮೂರು ತಾಸಿನ ಬಳಿಕ ಹೂ ಮಾರುವ ಹಸೀನಾಬಿಯವರ ಚೀಲದ ಮೇಲೆ ಮಲಗಿದ್ದು ಪತ್ತೆಯಾಗಿದೆ. ಅವರಿಗೆ ಧನ್ಯವಾದಗಳು.’

ಮೂರು ತಾಸು! ಅದರ ಕೆಳಗೇ ಖೋಖೋ. ಮಗು ಕಳೆದದ್ದೂ ಸಿಕ್ಕಿದ್ದೂ ನಿಮಗೆ ಬೋರ್‌ವೆಲ್ಲಿನಷ್ಟೇ ಸುದ್ದಿ. ಆ ಸಾಲುಗಳನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ರೇಣುಕಾಳ ತಾಯಿಯ ಮೇಲೆ, ಹಸೀನಾಬಿಯ ಮೇಲೆ, ಆ ಹೂವಿನ ಚೀಲದ ಮೇಲೂ ಹೊಟ್ಟೆ ಉರಿಯಿತು. ಏಕೆಂದರೆ ನಮ್ಮಲ್ಲಿ ಮಗು ಕಳೆಯುವುದಿಲ್ಲ. ಹುಟ್ಟಿದ ಮೂರನೆಯ ದಿನ ಮಗುವಿನ ಕೈಗೆ ಮಿಡಿಬಳೆ ತೊಡಿಸುತ್ತೇವೆ. ಅದರ ಜೋಡಿ ತಾಯಿಯ ಕೈಯಲ್ಲಿರುತ್ತದೆ. ಮಗುವಿನ ನಾಡಿ ಬಡಿದಂತೆಲ್ಲ ತಾಯಿಯ ಮಣಿಕಟ್ಟಿನ ಮೇಲೆ ಬಡಿಯುತ್ತದೆ. ಬಳೆಯೊಳಗಿನ ಸಣ್ಣ ಮುಳ್ಳು ಮಗುವಿರುವ ದಿಕ್ಕು ತೋರಿಸುತ್ತದೆ. ಕನಸಿನಲ್ಲಿ ಮಗು ಬೆಚ್ಚಿದರೆ ನಾನು ಏಳುತ್ತೇನೆ. ಅದು ಗಾಢವಾಗಿ ಮಲಗಿ ನಾಡಿ ನಿಧಾನವಾದರೆ ಏನಾಯಿತೋ ಎಂದು ಮತ್ತೆ ಏಳುತ್ತೇನೆ. ಜೋಡಿ ಒಂದೇ, ಅದು ತಾಯಿಗೆ. ನನ್ನ ಗಂಡ ಈರಣ್ಣ ದಿನವೆಲ್ಲ ಗಾಳಿವಿದ್ಯುತ್ತಿನ ಕಂಬ ಹತ್ತಿಳಿದು ಬಂದು, ಜೋಳದ ರೊಟ್ಟಿ ತಿಂದು, ದಿಂಬಿಗೆ ತಲೆ ತಾಗುವ ಮೊದಲೇ ಗೊರಕೆ ಹೊಡೆಯುತ್ತಾನೆ. ಅವನ ಮೇಲೆ ನನಗಿರುವ ಹೊಟ್ಟೆಕಿಚ್ಚಿಗೆ ಬೇರೆ ಕಾಗದವೇ ಬೇಕು.

ಈ ಬಳೆಗೆ ಒಂದು ಕೊನೆಯಿದೆ. ಅದಕ್ಕೆ ಒಂಟಿನಡಿಗೆ ಎಂದು ಹೆಸರು. ಆ ವರ್ಷ ಐದು ತುಂಬಿದ ಮಕ್ಕಳ ಬಳೆಯನ್ನು ಬಲಿಪಾಡ್ಯಮಿಯ ದಿನ ತಾಯಂದಿರೇ ಕಳಚುತ್ತಾರೆ. ಹೊಸ್ತಿಲಲ್ಲಿ ಸಗಣಿಯಿಂದ ಮಾಡಿದ ಪಾಂಡವರ ಗೊಂಬೆಗಳನ್ನಿಟ್ಟು, ಹೂ ಏರಿಸಿ, ಊಟ ಮುಗಿದ ಮೇಲೆ ಮಗು ಒಂದೇ ಹೊರಡುತ್ತದೆ. ಹನ್ನೊಂದು ಓಣಿ ದಾಟಿ ಹಳೆಯ ಅಂಗಡಿ ಸಾಲು ಮುಟ್ಟಿ ತಿರುಗಿ ಬರಬೇಕು. ದಾರಿ ಮರೆತರೆ ಯಾವ ಮನೆಯಲ್ಲಾದರೂ ಕೇಳಬಹುದು. ಆ ದಿನ ಊರಿನ ಒಂದು ಬಾಗಿಲೂ ಮುಚ್ಚುವಂತಿಲ್ಲ. ದೊಡ್ಡವರು ದಾರಿ ಹೇಳಬೇಕು, ನೀರು ಕೊಡಬೇಕು, ಆದರೆ ಜೊತೆಗೆ ಹೋಗಬಾರದು. ಹೆತ್ತವರು ಹೊಸ್ತಿಲು ದಾಟಬಾರದು. ಆಮೇಲೆ ಮಗುವಿಗೆ ಬಳೆಯಿಲ್ಲ, ಯಾವತ್ತಿಗೂ.

ಈ ವರ್ಷ ನನ್ನ ನೀಲವ್ವನಿಗೆ ಐದು ತುಂಬಿತು.

ನಾನು ಮಾಡಿದ್ದನ್ನು ಈಗ ಹೇಳುತ್ತೇನೆ. ನೀವು ಸತ್ತು ಬಹಳ ಕಾಲವಾಗಿರುವುದರಿಂದ ಹೇಳುವುದು ಸುಲಭ. ಹಬ್ಬದ ಕಾಗದಕ್ಕೆ ಸುದ್ದಿ ಕೂಡಿಸುತ್ತಿದ್ದಾಗ ಗುಡ್ಡದ ಕಾವಲಿನ ಮುದಕಪ್ಪ ಬಂದು, ಗುಡ್ಡದ ಆಚೆ ಚಿರತೆಯ ಹೆಜ್ಜೆ ಇದೆ ಎಂದ. ಮರುಕ್ಷಣವೇ, “ಹಳೇ ಹೆಜ್ಜಿರೀ ಬಾಯಾರ. ಮೂರು ಮಳಿ ಹಿಂದಿನ್ದು. ಅದು ಈಗ ಯಾವ ಊರಾಗ ಮೊಮ್ಮಕ್ಕಳನ್ನ ಆಡಸಾಕ ಹತ್ತೈತೋ,” ಎಂದು ನಕ್ಕು ಹೋದ. ನಾನು ಮೊದಲಿನ ಮಾತನ್ನಷ್ಟೇ ಇಟ್ಟುಕೊಂಡೆ. ನಿಮ್ಮ ಪತ್ರದ ಸಾಲನ್ನು ಎದುರಿಗಿಟ್ಟುಕೊಂಡೇ ಬರೆದೆ: ‘ಚಿರತೆ ಕಂಡಿರುವುದರಿಂದ ಈ ವರ್ಷದ ಒಂಟಿನಡಿಗೆಯನ್ನು ಮುಂದೂಡಲಾಗಿದೆ. ಯಾರೂ ಒಬ್ಬರೇ ತಿರುಗಾಡಬಾರದು.’ ನಿಮ್ಮ ಚಿರತೆ ನಿಜವಾದದ್ದು. ಅದಕ್ಕೂ ನನಗೆ ಹೊಟ್ಟೆಕಿಚ್ಚು.

ಓಣಿಯ ಬಾಯಲ್ಲಿ ಅದನ್ನು ಓದಿದಾಗ ನಮ್ಮತ್ತೆ ಶಿವಗಂಗವ್ವ ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. ತಲೆ ಎತ್ತಲಿಲ್ಲ. “ಶ್ಯಾಣ್ಯಾ ಚಿರತಿ ಬಿಡವಾ. ನಿನ್ನ ಮಗಳಿಗೆ ಐದು ತುಂಬೂದನ್ನ ಕಾಯ್ಕೋತ ಕುಂತಿತ್ತಲ್ಲ,” ಎಂದರು. ನಾನು ಕೇಳಿಸದವಳಂತೆ ಒಳಗೆ ಹೋದೆ. ಮಣಿಕಟ್ಟಿನ ಮೇಲೆ ನೀಲವ್ವನ ನಾಡಿ ಬಡಿಯುತ್ತಿತ್ತು. ಅಂದು ಮಧ್ಯಾಹ್ನ, ನಾಚಿಕೆಗೇಡು, ಗೋಡೆಗೊರಗಿ ಅರ್ಧ ತಾಸು ನಿದ್ದೆ ಮಾಡಿದೆ.

ಮರುದಿನ ನಾನು ಸಭಾಮನೆಯಲ್ಲಿದ್ದೆ. ಇದ್ದಕ್ಕಿದ್ದಂತೆ ಬಳೆ ದಡದಡ ಬಡಿಯಿತು, ನೀರಿನಿಂದ ತೆಗೆದ ಮೀನಿನ ಹಾಗೆ. ಮುಳ್ಳು ತೋರಿಸಿದತ್ತ ಓಡಿದೆ. ನಮ್ಮದೇ ಓಣಿ. ನೀಲವ್ವ ದಿನದಂತೆ ತುಂಗವ್ವನ ಮಗಳು ಗೌರಿಯ ಜೊತೆ ಆಡಲು ನಾಲ್ಕು ಮನೆ ದಾಟಿ ಹೋಗಿದ್ದಳು. ಆ ಮನೆಯ ಬಾಗಿಲು ಹಾಕಿತ್ತು. ಪಕ್ಕದ್ದೂ ಹಾಕಿತ್ತು. ಹುಟ್ಟಿದಾಗಿನಿಂದ ಹಗಲಲ್ಲಿ ಮುಚ್ಚಿದ ಬಾಗಿಲು ಕಾಣದ ಮಗು ಒಂದೊಂದೇ ಕದ ಬಡಿದಿದೆ. ಬಡಿದಷ್ಟೂ ಒಳಗಿನವರು ಹೆದರಿ ಅಗಳಿ ಬಿಗಿ ಮಾಡಿದ್ದಾರೆ. ಚಿರತೆ ಕದ ಕೆರೆಯುತ್ತಿದೆ ಎಂದುಕೊಂಡಿದ್ದಾರೆ. ನಾನು ಹೋದಾಗ ಅವಳು ಏಳನೆಯ ಮನೆಯ ಕಟ್ಟೆಯ ಮೇಲೆ ಲಂಗ ಒದ್ದೆ ಮಾಡಿಕೊಂಡು ನಿಂತಿದ್ದಳು. ಅಳುತ್ತಿರಲಿಲ್ಲ.

“ಅವ್ವಾ, ಎಲ್ಲಾರೂ ನನ್ನ ಮ್ಯಾಲೆ ಸಿಟ್ಟಾಗ್ಯಾರೇನ?” ಎಂದು ಕೇಳಿದಳು.

ಬಳೆ ತನ್ನ ಕೆಲಸ ಮಾಡಿತ್ತು. ಎಷ್ಟು ಹೆದರಿದ್ದಾಳೆ, ಎಲ್ಲಿದ್ದಾಳೆ, ಎಲ್ಲವನ್ನೂ ಹೇಳಿತ್ತು. ಒಂದು ಕದ ತೆಗೆಸಲು ಅದರಿಂದ ಆಗಲಿಲ್ಲ. ರೇಣುಕಾಳಿಗೆ ಬಳೆಯಿರಲಿಲ್ಲ, ಹಸೀನಾಬಿ ಇದ್ದಳು. ನನ್ನ ಮಗಳಿಗಿದ್ದ ಹಸೀನಾಬಿಯರನ್ನೆಲ್ಲ ನಾನೇ ಒಂದು ಸಾಲು ಬರೆದು ಒಳಗೆ ಹಾಕಿ ಅಗಳಿ ಜಡಿದಿದ್ದೆ.

ಸಂಜೆಯೊಳಗೆ ಎರಡನೆಯ ಕಾಗದ ಬರೆದೆ. ಓದುವವರ ಕೈಗೆ ಕೊಡದೆ ಹನ್ನೊಂದು ಓಣಿಯಲ್ಲೂ ನಾನೇ ನಿಂತು ಓದಿದೆ: ಚಿರತೆ ಬಂದಿಲ್ಲ. ನನಗೆ ಹೆದರಿಕೆಯಾಗಿ ಸುಳ್ಳು ಬರೆದೆ. ಒಂಟಿನಡಿಗೆ ನಡೆಯುತ್ತದೆ. ಬಾಗಿಲು ತೆರೆಯಿರಿ. ಕೆಲವರು ನಕ್ಕರು. ಒಬ್ಬ ತಾಯಿ ಹತ್ತಿರ ಬಂದು, “ನಾನಾಗಿದ್ರೂ ಹಂಗ ಬರೀತಿದ್ನಿ,” ಎಂದು ಪಿಸುಗುಟ್ಟಿದಳು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ತುಂಗವ್ವ ಮಾತ್ರ ಬಿಡಲಿಲ್ಲ. “ನಮ್ಮ ಗೌರಿ ಹದಿನೈದು ದಿನದಿಂದ ಹಾದಿ ಬಾಯಿಪಾಠ ಮಾಡ್ಯಾಳ. ನಿನ್ನ ಕೈ ನಡಗಿದ್ರ ಆಕಿ ಕಾಲು ಯಾಕ ಕಟ್ಟಿದಿ? ನಾಳೆ ಖರೇನ ಚಿರತಿ ಬಂತಂದ್ರ ನಿನ್ನ ಮಾತು ಯಾರು ಕೇಳ್ಬೇಕು?” ಮುಂದಿನ ಚೀಟಿಶಾಸಕರ ಕಾಗದವನ್ನು ಈ ಊರು ಎರಡು ಸಲ ಯೋಚಿಸಿ ನಂಬುತ್ತದೆ. ಆ ನಷ್ಟ ನನ್ನಿಂದಾದದ್ದು.

ಇಂದು ಊಟವಾದ ಮೇಲೆ ನೀಲವ್ವನ ಬಳೆ ಕಳಚಿದೆ. ಕೈ ಬೆಳೆದಿದೆ, ಬಳೆ ಹಳೆಯದು, ಎಣ್ಣೆ ಹಚ್ಚಬೇಕಾಯಿತು. ಹೋಗುತ್ತಾಳೋ ಇಲ್ಲವೋ ಎಂದುಕೊಂಡಿದ್ದೆ. ಆ ಬಾಗಿಲುಗಳನ್ನು ನೋಡಿದ ಮಗು. ಹೊಸ್ತಿಲಲ್ಲಿ ನಿಂತು ಓಣಿಯನ್ನು ಆ ತುದಿಯಿಂದ ಈ ತುದಿಗೆ ನೋಡಿದಳು. “ಎಲ್ಲಾ ತಗದಾವು,” ಎಂದು ತನ್ನಷ್ಟಕ್ಕೆ ಹೇಳಿಕೊಂಡು ಇಳಿದಳು. ತಿರುಗಿ ನೋಡಲಿಲ್ಲ. ಅದು ಒಂದು ತಾಸಿನ ಹಿಂದೆ. ಹೋಗಿ ಬರಲು ಅರ್ಧ ತಾಸು ಸಾಕು ಎನ್ನುತ್ತಾರೆ. ನನ್ನ ಕೈಯ ಬಳೆ ಇನ್ನೂ ಕೈಯಲ್ಲಿದೆ, ಏನೂ ಬಡಿಯುತ್ತಿಲ್ಲ. ಮುಳ್ಳು ಸುಮ್ಮನೆ ತೂಗಾಡುತ್ತಿದೆ. ಅತ್ತೆ ಒಂದೆರಡು ಸಲ ಒಳಗಿನಿಂದ, “ಬರೀ, ಬರೀ, ಅದ ಛಲೋ. ಕೈಗೆ ಕೆಲಸ ಇದ್ರ ಕಾಲು ಓಡೂದಿಲ್ಲ,” ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕಾ, ಹಾಗೆ ಕರೆಯಬಹುದಲ್ಲವೇ, ನಿಮ್ಮ ಮೇಲಿನ ಹೊಟ್ಟೆಕಿಚ್ಚು ಕಡಿಮೆಯಾಗಿದೆ ಎಂದು ಬರೆದರೆ ಅದು ಎರಡನೆಯ ಸುಳ್ಳಾಗುತ್ತದೆ. ಆಗಿಲ್ಲ. ಈ ಕ್ಷಣ ಅದು ಹೆಚ್ಚೇ ಆಗಿದೆ. ರೇಣುಕಾಳ ತಾಯಿ ಆ ಮೂರು ತಾಸು ಎಲ್ಲಿ ನಿಂತಿದ್ದಳು, ಏನು ಮಾಡಿದಳು ಎಂದು ನೀವು ಬರೆಯಲಿಲ್ಲ. ಅದನ್ನೊಂದು ಬರೆದಿದ್ದರೆ ನನಗೆ ಇಂದು ಉಪಯೋಗಕ್ಕೆ ಬರುತ್ತಿತ್ತು.

ಹೊರಗೆ ಕಟ್ಟೆಯ ಹತ್ತಿರ ಪುಟ್ಟ ಹೆಜ್ಜೆಯ ಸದ್ದು. ನನ್ನವಳಲ್ಲ. ತುಂಗವ್ವನ ಗೌರಿ. ಮುಖ ಕೆಂಪಾಗಿದೆ, ಬಾಯಿಪಾಠ ಮಾಡಿದ ಹಾದಿ ಮರೆತಿದ್ದಾಳೆ. “ಚಿಗವ್ವಾ, ಅಂಗಡಿ ಸಾಲು ಎತ್ತಾಗ ಐತಿ?” ಎನ್ನುತ್ತಿದ್ದಾಳೆ. ನೀರು ಕೊಡಬೇಕು. ಎಡಕ್ಕೆ ಹೊರಳು ಎನ್ನಬೇಕು. ಅವಳ ಬೆನ್ನ ಹಿಂದೆ ಹೋಗಬಾರದು.

ಬರುತ್ತೇನಕ್ಕಾ. ಬಾಗಿಲಿಗೆ ಮಗು ಬಂದಿದೆ.

ಶಾಲ್ಮಲಿ ಬೆಳವಟಗಿ
ಚೀಟಿಶಾಸಕಿ, ಹಿರೇಕೊಪ್ಪ ಕ್ಷೇತ್ರ