ಸದ್ದು ಮಾಡದ ವಾಲ್ವ್

ಜುಲೈ 12, ಶನಿವಾರ

ಬೆಳಿಗ್ಗೆ ಪೈಪುಗಳನ್ನೆಲ್ಲ ಮತ್ತೊಮ್ಮೆ ತೊಳೆದಿಟ್ಟೆ. ಮಧ್ಯಾಹ್ನ ಆಫೀಸಿನ ತುಷಾರ್ ಜೋಹಾನ್ಸ್‌ಬರ್ಗ್‌ನಿಂದ ಬಂದ, ಲಗೇಜಿನಲ್ಲಿ ನನ್ನ ಫರ್ಮೆಂಟರ್. ಅಂತೂ ಬಂತು! ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಪೀಪಾಯಿ. ಮುಚ್ಚಳ ಬಿಗಿದು ಒತ್ತಡದಲ್ಲೇ ಬಿಯರ್ ಹುದುಗಿಸಬಹುದು. ಗ್ಯಾಸ್ ಅದರೊಳಗೇ ಕರಗುತ್ತದೆ, ಆಮೇಲೆ ಸೀದಾ ಬಿಯರ್ ತುಂಬಿಡುವ ಸ್ಟೀಲ್ ಕೆಗ್ಗಿಗೆ. ಗಾಳಿ ಸೋಕುವುದೇ ಇಲ್ಲ.

ಡಾಕ್ಟರ್ ಆಲ್ಫ್ರೆಡ್‌ಗೆ ಫೋಟೋ ಕಳಿಸಿದೆ. ಮಂಗಳೂರಿನವರು. ಇಲ್ಲೇ ಕೂದಲು ನರೆಸಿಕೊಂಡ ಕಣ್ಣಿನ ಡಾಕ್ಟರು, ನನ್ನ ಬಿಯರಿನ ಏಕೈಕ ಅಭಿಮಾನಿ. ತಕ್ಷಣ ಫೋನು.

"ಪ್ಲಾಸ್ಟಿಕ್ ಯಾಕೆ ಮಾರಾಯ? ಸ್ಟೀಲಿಂದು ತಗೊಳ್ಳಿಕ್ಕೆ ಆಗ್ಲಿಲ್ವಾ?"

"ಒಳಗೆ ಏನಾಗ್ತಿದೆ ಅಂತ ಕಾಣ್ಬೇಕಲ್ಲ ಡಾಕ್ಟ್ರೇ."

"ಎಂತ ಕಾಣುದು? ಕುಡೀಲಿಕ್ಕೆ ಸಿಕ್ಕಿದ್ರೆ ಸಾಕು."

ಅವರಿಗೆ ಏನು ಗೊತ್ತು. ನೊರೆ ಏರುವುದನ್ನು ನೋಡುತ್ತ ಕೂರುವುದೇ ಒಂದು ಸುಖ. ಈ ಪರದೇಶದ ಊರಿನಲ್ಲಿ ನನಗೆ ಬೇರೆ ಏನಿದೆ? ಆಫೀಸು, ಟ್ರಾಫಿಕ್ಕು, ಗೇಟು.

ಜುಲೈ 20, ಭಾನುವಾರ

ಯೀಸ್ಟ್ ಹಾಕಿ ನಾಲ್ಕು ದಿನ. ಸೊಗಸಾಗಿ ಉಕ್ಕುತ್ತಿದೆ. ತೊಂದರೆ ಒಂದೇ. ಒತ್ತಡ ಹೆಚ್ಚಾದಾಗಲೆಲ್ಲ ರಿಲೀಫ್ ವಾಲ್ವ್ ಗ್ಯಾಸ್ ಹೊರಬಿಟ್ಟು ಬುಸ್ ಎನ್ನುತ್ತದೆ. ಅದರ ಕೆಲಸವೇ ಅದು, ನಿಜ. ಆದರೆ ಸ್ಟೋರ್‌ರೂಮಿನ ಗೋಡೆಯಾಚೆ ಅತ್ತೆಯ ಕೋಣೆ. ಲೀಲಾ ಅತ್ತೆ ಮೈಸೂರಿನಿಂದ ಬಂದು ತಿಂಗಳಾಯಿತು. ಒಳಗಿರುವುದು ನೀರಿನ ಫಿಲ್ಟರ್ ಎಂದು ನಂಬಿದ್ದಾರೆ.

"ಗೋಪಿ, ಗ್ಯಾಸ್ ಲೀಕ್ ಆಗ್ತಿದೆ ಕಣಪ್ಪಾ. ನಂಗೆ ನಿದ್ದೆನೇ ಬರಲ್ಲ."

"ಫಿಲ್ಟರ್ ಅತ್ತೆ, ಹಾಗೇ ಸದ್ದು ಮಾಡುತ್ತೆ."

ಪ್ರಣತಿ ಒಳಗೊಳಗೇ ನಗುತ್ತ, "ಅಪ್ಪಾ, ಯು ಆರ್ ಸೋ ಬ್ಯಾಡ್" ಎಂದಳು. ಊರ್ಮಿಳಾ ನಗಲಿಲ್ಲ. "ಅಮ್ಮಂಗೆ ಗೊತ್ತಾದ್ರೆ ನಾಳೆನೇ ಟಿಕೆಟ್ ಬುಕ್ ಮಾಡಿ ಅಂತಾರೆ. ಸದ್ದು ನಿಲ್ಸಿ, ಇಲ್ಲ ಅದನ್ನ ಎಸೀರಿ."

ಜುಲೈ 22

ನಿಲ್ಲಿಸಿದೆ. ಇಂಡಸ್ಟ್ರಿಯಲ್ ಏರಿಯಾದ ಕಂಪ್ರೆಸರ್ ರಿಪೇರಿ ಅಂಗಡಿಯಿಂದ ಬೇರೆ ವಾಲ್ವ್ ತಂದು ಕೂರಿಸಿದೆ. ಗಟ್ಟಿ ಸ್ಪ್ರಿಂಗ್. ಇದು ತೆರೆದುಕೊಳ್ಳಬೇಕಾದರೆ ಪೀಪಾಯಿ ತಡೆಯುವುದಕ್ಕಿಂತ ಮೂರು ಪಟ್ಟು ಒತ್ತಡ ಬೇಕು. ಗೊತ್ತು, ಗೊತ್ತು. ಅದಕ್ಕೇ ಬೆಳಿಗ್ಗೆ ಸಂಜೆ ನಾನೇ ವಾಲ್ವಿನ ರಿಂಗ್ ಎಳೆದು ಗ್ಯಾಸ್ ಬಿಡುತ್ತೇನೆ, ಅತ್ತೆ ಸ್ನಾನಕ್ಕೆ ಹೋದಾಗ. ಟೆಲಿಕಾಂ ಎಂಜಿನಿಯರ್ ನಾನು. ಒಂದು ಪೀಪಾಯಿ ನೋಡಿಕೊಳ್ಳಲಾರೆನೇ?

ಮನೆ ನಿಶ್ಶಬ್ದ. ಅತ್ತೆ ಚೆನ್ನಾಗಿ ನಿದ್ದೆ ಮಾಡಿದರಂತೆ.

ಆಗಸ್ಟ್ 2

ಇಲ್ಲಿ ಈಗ ಚಳಿಗಾಲ, ವಿಪರೀತ ಚಳಿ. ವಾರದಿಂದ ಸೂರ್ಯನೇ ಇಲ್ಲ. ಯೀಸ್ಟ್ ಮಲಗಿಬಿಟ್ಟಿದೆ. ಗೇಜಿನ ಮುಳ್ಳು ಕದಲುತ್ತಿಲ್ಲ. ಅರ್ಧ ಹುದುಗಿ ನಿಂತಂತಿದೆ. ಗ್ಯಾಸ್ ಬಿಡುವ ಅಗತ್ಯವೂ ಇಲ್ಲ, ರಿಂಗ್ ಎಳೆಯುವುದನ್ನು ನಿಲ್ಲಿಸಿದ್ದೇನೆ. ಆಲ್ಫ್ರೆಡ್ ರಜೆಗೆ ಮಂಗಳೂರಿಗೆ ಹೋಗಿದ್ದಾರೆ. ಬರುವಷ್ಟರಲ್ಲಿ ಕೆಗ್ ತುಂಬಬೇಕು.

ಆಗಸ್ಟ್ 7, ಗುರುವಾರ

ನಾಳೆ ವರಮಹಾಲಕ್ಷ್ಮಿ. ನಮ್ಮ ಬಡಾವಣೆ ಹೈರಿಡ್ಜಿನ ಕನ್ನಡದ ಹೆಂಗಸರೆಲ್ಲ ನಮ್ಮ ಮನೆಗೆ ಅರಿಶಿನ ಕುಂಕುಮಕ್ಕೆ.

"ಲಕ್ಷ್ಮೀನ ಕೂರ್ಸೋ ಮನೇಲಿ ಅದು ಇರಕೂಡ್ದು. ಒಂದೇ ಒಂದು ದಿನ, ಆಚೆ ಇಡಿ" ಎಂದಳು ಊರ್ಮಿಳಾ.

ಆಚೆ ಎಂದರೆ ಎಲ್ಲಿ? ಹಿತ್ತಲಿನಲ್ಲಿ ನಮ್ಮ ಕೆಲಸದವಳು ಕೆರುಬೋಳ ಕೋಣೆ. ಪ್ರಣತಿ ಇಷ್ಟುದ್ದ ಇದ್ದಾಗಿನಿಂದ ನಮ್ಮಲ್ಲಿದ್ದಾಳೆ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು. ಇಬ್ಬರೂ ಸೇರಿ ಪೀಪಾಯಿಯನ್ನು ಅವಳ ಮಂಚದ ಪಕ್ಕ ಇಟ್ಟೆವು.

"ಇದೇನು ಬಾಸ್?"

"ನೀರು. ಮುಟ್ಟಬೇಡ."

"ಸವಾ" ಎಂದಳು, ಸರಿ ಎಂದು. ಕೋಣೆ ಬೆಚ್ಚಗಿತ್ತು. ಮೂಲೆಯಲ್ಲಿ ಜಿಕೋ, ಇದ್ದಿಲ ಒಲೆ, ಕೆಂಪಗೆ ಉರಿಯುತ್ತಿತ್ತು. ನೋಡಿದೆ. ನೋಡಿಯೂ ಏನೂ ಹೊಳೆಯಲಿಲ್ಲ. ಬಾಗಿಲು ಎಳೆದುಕೊಂಡು ಬಂದೆ.

ಆಗಸ್ಟ್ 8

ಸಿಡಿಯಿತು. ಕೆರುಬೋ ಕಣ್ಣು. ಆಸ್ಪತ್ರೆಯಲ್ಲಿದ್ದೇನೆ. ಈಗ ಬರೆಯಲಾಗುತ್ತಿಲ್ಲ.

ಆಗಸ್ಟ್ 9, ಶನಿವಾರ

ಬೆಚ್ಚಗಿನ ಕೋಣೆಯಲ್ಲಿ ಯೀಸ್ಟ್ ಎದ್ದಿದೆ. ರಾತ್ರಿಯಿಂದ ಗ್ಯಾಸ್ ತುಂಬುತ್ತಲೇ ಇದ್ದಿರಬೇಕು. ಹಬ್ಬದ ಗಡಿಬಿಡಿಯಲ್ಲಿ ನಾನು ಹೋಗಿ ನೋಡಲಿಲ್ಲ. ಒಲೆಯ ಶಾಖಕ್ಕೆ ಪ್ಲಾಸ್ಟಿಕ್ಕೂ ಮೆತ್ತಗಾಗಿರಬೇಕು. ಕೆರುಬೋ ಉಸಲಿಗೆ ಕಡಲೆ ಬೇಯಿಸಲು ನಮ್ಮ ಸಣ್ಣ ಕುಕ್ಕರನ್ನು ಅಲ್ಲಿಗೇ ಒಯ್ದಿದ್ದಳು. ಬಗ್ಗಿ ಇದ್ದಿಲು ಕೆದಕುತ್ತಿದ್ದಳಂತೆ.

ಆ ಸದ್ದು ಕೇಳಿ ಹಾಲ್‌ನಲ್ಲಿದ್ದ ಅತ್ತೆ ಕೂಗಿದ್ದು — "ಅಯ್ಯೋ, ಕುಕ್ಕರ್ ಸಿಡೀತು!" ಬಂದ ಹೆಂಗಸರೆಲ್ಲ ಅದನ್ನೇ ಹಿಡಿದರು. "ಇವ್ರಿಗೆ ಕುಕ್ಕರ್ ಕೊಡ್ಲೇಬಾರ್ದು ರೀ, ವಿಷಲ್ ನೋಡೋಕೇ ಬರಲ್ಲ." ಊರ್ಮಿಳಾ ನನ್ನ ಮುಖ ನೋಡಿದಳು. ನಾನು ಅವಳದನ್ನು. ಇಬ್ಬರೂ ಬಾಯಿ ಬಿಡಲಿಲ್ಲ.

ಕಾರಿನಲ್ಲಿ ನಾನೇ ಕೆರುಬೋಗೆ ಹೇಳಿದೆ. ಕೇಳಿದರೆ ಕುಕ್ಕರ್ ಅನ್ನು. ಇಲ್ಲದಿದ್ದರೆ ಪೊಲೀಸ್ ಬರುತ್ತಾರೆ, ನನ್ನ ವರ್ಕ್ ಪರ್ಮಿಟ್ ಹೋಗುತ್ತದೆ, ಪ್ರಣತಿಯನ್ನು ಕರೆದುಕೊಂಡು ನಾವು ವಾಪಸ್ ಹೋಗಬೇಕಾಗುತ್ತದೆ. ಇಲ್ಲಿ ಮನೆಯಲ್ಲಿ ಬಿಯರ್ ಮಾಡಬಹುದೋ ಇಲ್ಲವೋ, ನನಗೆ ಸರಿಯಾಗಿ ಗೊತ್ತೂ ಇಲ್ಲ. ಮುಖಕ್ಕೆ ಟವೆಲ್ ಒತ್ತಿಕೊಂಡೇ ತಲೆಯಾಡಿಸಿದಳು. ಕ್ಯಾಶುಯಲ್ಟಿಯಲ್ಲಿ ಕೇಳಿದಾಗ ಕುಕ್ಕರ್ ಎಂದಳು.

ಗಾಯಕ್ಕೆ ಹೊಲಿಗೆ ಹಾಕಿದ್ದಾರೆ. ಎಕ್ಸ್‌ರೇ ತೆಗೆದರು. ಒಳಗೆ ಲೋಹದ ಚೂರು ಇಲ್ಲವಂತೆ. ದೇವರು ದೊಡ್ಡವನು.

ಆಗಸ್ಟ್ 11, ಸೋಮವಾರ

ನೋವು ಹೆಚ್ಚಾಗಿದೆಯಂತೆ. ಕಣ್ಣು ಊದಿಕೊಂಡಿದೆ. ಬೆಳಿಗ್ಗೆ ಹಿತ್ತಲಿನಲ್ಲಿ ಪೀಪಾಯಿಯ ಚೂರುಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಉಗುರಿನಷ್ಟು ಸಣ್ಣವು, ಗಾಜಿನ ಹಾಗೆ ಸ್ವಚ್ಛ. ಎಕ್ಸ್‌ರೇ ನೆನಪಾಯಿತು. ಆಫೀಸಿನಿಂದ ಆಲ್ಫ್ರೆಡ್‌ಗೆ ಫೋನ್ ಮಾಡಿದೆ.

"ಡಾಕ್ಟ್ರೇ, ಸುಮ್ನೆ ಕೇಳ್ತಿದೀನಿ. ಕಣ್ಣೊಳಗೆ ಪ್ಲಾಸ್ಟಿಕ್ ಹೋದ್ರೆ ಎಕ್ಸ್‌ರೇಲಿ ಕಾಣುತ್ತಾ?"

"ಇಲ್ಲ ಮಾರಾಯ. ಲೋಹ ಆದ್ರೆ ಕಾಣ್ತದೆ. ಪ್ಲಾಸ್ಟಿಕ್ ಅಂತ ಗೊತ್ತಿದ್ರೆ ಬೇರೆ ರೀತಿ ಹುಡುಕ್ಬೇಕು, ಬೇಗ. ಒಳಗೆ ಕೀವು ಆದ್ರೆ ಕಣ್ಣು ಹೋಯ್ತು ಅಂತಲೇ. ಯಾಕೆ?"

"ಏನಿಲ್ಲ. ಎಲ್ಲೋ ಓದ್ದೆ."

ಫೋನ್ ಇಟ್ಟೆ. ಆಸ್ಪತ್ರೆಯ ನಂಬರ್ ತೆಗೆದೆ. ಒತ್ತಲಿಲ್ಲ. ಸೆಪ್ಟೆಂಬರಿನಲ್ಲಿ ಪರ್ಮಿಟ್ ರಿನ್ಯೂವಲ್. ಚೂರು ಒಳಗೆ ಹೋಗಿದೆ ಎಂದು ಯಾರು ಹೇಳಿದರು? ಬರೀ ಹೊರಗಿನ ಗಾಯವೂ ಆಗಿರಬಹುದು. ನಾಳೆವರೆಗೆ ನೋಡೋಣ.

ಹೇಡಿ. ಬೇರೆ ಪದ ಇಲ್ಲ.

ಆಗಸ್ಟ್ 12

ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿ ಹೊರಟೆ. ಆಸ್ಪತ್ರೆ ತಲುಪಿದಾಗ ಅವಳ ಹಾಸಿಗೆ ಖಾಲಿ. ಜ್ವರ ಏರಿತ್ತಂತೆ, ಕೀವು. ಥಿಯೇಟರಿಗೆ ಕರೆದುಕೊಂಡು ಹೋಗಿದ್ದರು.

ಕಣ್ಣು ತೆಗೆದರು.

ಸರ್ಜನ್ ಹೊರಗೆ ಬಂದು ಸಣ್ಣ ಡಬ್ಬಿ ತೋರಿಸಿದ. ಇದು ಒಳಗಿತ್ತು, ಪ್ಲಾಸ್ಟಿಕ್, ಇದು ಹೇಗೆ ಬಂತು ಎಂದ. ಗೊತ್ತಿಲ್ಲ ಎಂದೆ. ನಿನ್ನೆ ಹೇಳಿದ್ದರೆ? ಮೊದಲ ದಿನವೇ ಹೇಳಿದ್ದರೆ? ಉಳಿಯುತ್ತಿತ್ತೋ ಏನೋ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ಹೋದವನು ನಾನು, ಅದನ್ನೂ ಸರಿಯಾಗಿ ಹಾಕಲಿಲ್ಲ.

ಆಗಸ್ಟ್ 17, ಭಾನುವಾರ

ನಾಲ್ಕು ದಿನ ಏನೂ ಬರೆಯಲಿಲ್ಲ. ಮನೆಯಲ್ಲಿ ಅತ್ತೆ ಹೊಸ ಕೆಲಸದವಳನ್ನು ಹುಡುಕುವ ಮಾತಾಡುತ್ತಿದ್ದಾರೆ. "ಈ ಸಲ ಕುಕ್ಕರ್ ಬರೋಳ್ನ ನೋಡಿ." ಪ್ರಣತಿ ತಟ್ಟೆ ಬಿಟ್ಟು ಎದ್ದು ಹೋದಳು.

ಸಂಜೆ ಆಸ್ಪತ್ರೆಗೆ ಹೋದೆ. ಕೆರುಬೋ ಹಾಸಿಗೆಯ ಪಕ್ಕ ಆಲ್ಫ್ರೆಡ್. ನಿನ್ನೆ ಬಂದಿಳಿದರಂತೆ. ಯಾರೋ ಹೇಳಿದ್ದಾರೆ, ಗೋಪಿನಾಥ್ ಮನೆಯ ಕುಕ್ಕರ್ ಸಂಗತಿ. ಇಲ್ಲಿನ ಡಾಕ್ಟರುಗಳೆಲ್ಲ ಅವರಿಗೆ ಪರಿಚಿತರೇ, ಕೈಯಲ್ಲಿ ಅವಳ ಕೇಸ್ ಶೀಟು. ನನ್ನನ್ನು ನೋಡಿ ಕನ್ನಡದಲ್ಲಿ, ಮೆಲ್ಲಗೆ ಕೇಳಿದರು.

"ಅವತ್ತು ಫೋನಲ್ಲಿ ನೀನು ಕೇಳಿದ್ದು ಇವಳ ಕಣ್ಣಾ?"

ಅವರು ಕೆರುಬೋ ಕಡೆ ತಿರುಗಿ ಸ್ವಾಹಿಲಿಯಲ್ಲಿ ಕೇಳಿದರು, ಹೆದರಬೇಡ, ಸಿಡಿದದ್ದು ಏನು?

ಅವಳು ಉಳಿದ ಒಂದು ಕಣ್ಣಿನಿಂದ ನನ್ನನ್ನು ನೋಡಿದಳು. "ಕುಕ್ಕರ್, ಡಾಕ್ಟಾರಿ. ತಪ್ಪು ನನ್ನದೇ. ವಿಷಲ್ ನೋಡಲಿಲ್ಲ."

ನಾನು ಹೇಳಿಕೊಟ್ಟದ್ದು ಒಂದೇ ಪದ. ಉಳಿದದ್ದನ್ನು ಅವಳೇ ಸೇರಿಸಿದ್ದಳು.

"ಅಲ್ಲ" ಎಂದೆ. ಇಂಗ್ಲಿಷಿನಲ್ಲಿ, ಅವಳಿಗೂ ತಿಳಿಯುವಂತೆ. "ಕುಕ್ಕರ್ ಅಲ್ಲ. ನನ್ನ—"

ಅವಳು ಗಾಬರಿಯಾದಳು. ಹಾಸಿಗೆಯಿಂದ ಅರ್ಧ ಎದ್ದು ನನ್ನ ಕೈ ಹಿಡಿದು ಬಲವಾಗಿ ಅದುಮಿದಳು. "ಕುಕ್ಕರ್, ಬಾಸ್. ಪ್ರಣತಿಯನ್ನು ಕರೆದುಕೊಂಡು ಹೋಗಬೇಡಿ. ಕುಕ್ಕರೇ."

ಆಲ್ಫ್ರೆಡ್ ಪೆನ್ನು ಹಿಡಿದು ಕಾಯುತ್ತಿದ್ದರು. ಅವಳು ಕೈ ಬಿಡುತ್ತಿರಲಿಲ್ಲ. ನಾನು ಆ ಕೈ ಹಿಡಿದುಕೊಂಡೇ ಹೇಳಿ ಮುಗಿಸಿದೆ: "ನನ್ನ ಬಿಯರ್ ಪೀಪಾಯಿ. ವಾಲ್ವ್ ಬದಲಿಸಿದ್ದು ನಾನೇ."